ಹೃದಯಾಘಾತವಾದಾಗ ಕೆಮ್ಮಿದರೆ ಜೀವ ಉಳಿಯುತ್ತದೆಯೇ?

"ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಿರಿ" ಎಂಬ ವಾಟ್ಸಾಪ್ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ನಮಗೂ ಹಲವು ಸಲ ಬಂದಿದೆ. ಇದು ನಿಜವಲ್ಲ.

ಕಾರಣ, ಹೃದಯಕ್ಕೆ ರಕ್ತ ಸಿಗುವ ರೀತಿಯೇ ಬೇರೆ. ತನ್ನೊಳಗೆ ಸದಾ ರಕ್ತ ತುಂಬಿದ್ದರೂ ಹೃದಯದ ಸ್ನಾಯು ಬದುಕುವುದು ಮಹಾಪಧಮನಿಯ ಬುಡದಿಂದ ಹೊರಡುವ ಎರಡು ಕೊರೊನರಿ ರಕ್ತನಾಳಗಳನ್ನು ನಂಬಿ. ಬೇರೆ ಅಂಗಗಳಿಗೆ ಹೃದಯ ಹಿಂಡಿದಾಗ ರಕ್ತ ನುಗ್ಗುತ್ತದೆ. ಆದರೆ ಹೃದಯದ ಎಡಭಾಗಕ್ಕೆ ಹೆಚ್ಚಿನ ರಕ್ತ ಸಿಗುವುದು ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ಹಿಂಡುವಾಗ ಅದು ತನ್ನ ನಾಳಗಳನ್ನೇ ಹಿಸುಕಿಕೊಳ್ಳುತ್ತದೆ! ಜೊತೆಗೆ, ವಿಶ್ರಾಂತಿಯಲ್ಲಿರುವ ದೇಹ ಒಟ್ಟಾರೆ ರಕ್ತದಲ್ಲಿನ ಆಮ್ಲಜನಕದ ಸುಮಾರು ಶೇ. 25ರಷ್ಟನ್ನು ಬಳಸಿದರೆ, ಹೃದಯದ ಸ್ನಾಯು ಸುಮಾರು ಶೇ. 70ರಷ್ಟನ್ನು ಹೀರಿಬಿಡುತ್ತದೆ. ಹಾಗಾಗಿ ಹರಿವು ನಿಂತರೆ ತಡೆದುಕೊಳ್ಳುವ ಶಕ್ತಿ ಅದಕ್ಕೆ ಕಡಿಮೆ.

ಹೃದಯಾಘಾತದಲ್ಲಿ ಸಾಮಾನ್ಯವಾಗಿ ಹೆಪ್ಪುಗಟ್ಟಿದ ರಕ್ತ ಈ ನಾಳವನ್ನು ಮುಚ್ಚಿರುತ್ತದೆ. ಕೆಮ್ಮಿದರೆ ಅದು ಕರಗುವುದಿಲ್ಲ, ಸರಿಯುವುದೂ ಇಲ್ಲ. ಆಂಜಿಯೋಗ್ರಾಮ್ ಮಾಡುವಾಗ ಬಡಿತ ಹಠಾತ್ತನೆ ತಪ್ಪಿದರೆ ವೈದ್ಯರು ರೋಗಿಗೆ ಕೆಮ್ಮಲು ಹೇಳುವುದುಂಟು, ನಿಜ. ಆದರೆ ಅಲ್ಲಿ ಮಾನಿಟರ್, ಷಾಕ್ ಕೊಡುವ ಯಂತ್ರ ಪಕ್ಕದಲ್ಲೇ ಇರುತ್ತವೆ. ಮನೆಯಲ್ಲಿ ಇದನ್ನು ಮಾಡಲು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೂಡ ಒಪ್ಪುವುದಿಲ್ಲ.

ಎದೆ ಹಿಂಡಿದಂತಾಗಿ, ನೋವು ತೋಳು, ದವಡೆಗೆ ಹರಡಿ, ಬೆವರು ಬಂದರೆ ಕೆಮ್ಮುತ್ತಾ ಕೂರಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ, ಬಾಗಿಲ ಚಿಲಕ ತೆಗೆದಿಡಿ. ಗಾಡಿ ನೀವೇ ಓಡಿಸಿಕೊಂಡು ಹೋಗಬೇಡಿ.