ಒತ್ರಾರ್: ಒಂದು ಸಾರ್ಥದ ಹತ್ಯೆ

ಏಷ್ಯಾದ ಭೂಮಾರ್ಗಗಳನ್ನು ವಾಣಿಜ್ಯಕ್ಕೆ ತೆರೆದವರು ಮಂಗೋಲರೆಂಬುದು ರೂಢಿಯ ಮಾತು. ಸಿರ್ ದರ್ಯಾ ನದಿಯ ಸಮೀಪದ ಒತ್ರಾರ್ ಪಟ್ಟಣದಲ್ಲಿ 1218ರಲ್ಲಿ ನಡೆದ ಘಟನೆ ಈ ಮಾತಿಗೆ ತಿದ್ದುಪಡಿಯನ್ನು ಬೇಡುತ್ತದೆ. ಚಂಗೀಸ್ ಖಾನನು ಖ್ವಾರಜ್ಮ್ ರಾಜ್ಯಕ್ಕೆ ಕಳುಹಿಸಿದ ಸಾರ್ಥವನ್ನು ಅಲ್ಲಿಯ ಅಧಿಪತಿ ಇನಾಲ್ಚುಕ್ ತಡೆದು, ಸುಲ್ತಾನ ಮುಹಮ್ಮದನ ಸಮ್ಮತಿ ಪಡೆದು, ವರ್ತಕರನ್ನು ಕೊಲ್ಲಿಸಿ ಸರಕನ್ನು ವಶಪಡಿಸಿಕೊಂಡನು.

ಇದಕ್ಕೆ ಎರಡು ಪಾರಸಿ ಆಕರಗಳು ಮುಖ್ಯ. ಜುವೈನಿ ಮಂಗೋಲರ ಅಧಿಕಾರಿ. ಜೂಜ್ಜಾನಿಯಾದರೋ ಅವರ ದಾಳಿಯನ್ನು ಸ್ವತಃ ಎದುರಿಸಿ, 1227ರಲ್ಲಿ ಭಾರತಕ್ಕೆ ಬಂದು, 1260ರಲ್ಲಿ ದೆಹಲಿಯಲ್ಲಿ 'ತಬಕಾತ್-ಇ-ನಾಸಿರಿ'ಯನ್ನು ಮುಗಿಸಿದವನು. ಮೊದಲನೆಯವನ ಲೆಕ್ಕ 450 ಜನ. ಎರಡನೆಯವನದು 500 ಒಂಟೆಗಳು. ಸಾರ್ಥದಲ್ಲಿದ್ದ ಭಾರತೀಯನೊಬ್ಬನು ಹಳೆಯ ಪರಿಚಯದ ಸಲಿಗೆಯಿಂದ ಅಧಿಪತಿಯನ್ನು ಬಿರುದಿಲ್ಲದೆ ಬರಿಯ ಹೆಸರಿನಿಂದ ಕರೆದುದೂ ಕೋಪಕ್ಕೆ ಕಾರಣವೆಂದು ಜುವೈನಿ ಬರೆಯುತ್ತಾನೆ. (ಬಿರುದಿನ ಬೆಲೆಯೇನೆಂಬುದನ್ನು ನಮ್ಮ ಶಾಸನಗಳ ಅಭ್ಯಾಸಿಗಳಿಗೆ ವಿವರಿಸಬೇಕಾಗಿಲ್ಲ.) ಇಬ್ಬರ ನಿಲುವುಗಳೂ ಪರಸ್ಪರ ವಿರುದ್ಧ, ಆದರೂ ಸರಕಿನ ಮೇಲಣ ಆಸೆಯನ್ನು ಇಬ್ಬರೂ ಹೇಳುತ್ತಾರೆ. ಆದುದರಿಂದ ಈ ವೃತ್ತಾಂತವನ್ನು ವಿಜೇತರ ಸಮರ್ಥನೆಯೆಂದಷ್ಟೇ ತಳ್ಳಿಹಾಕಲಾಗದು.

ಹೆಚ್ಚು ಗಮನಾರ್ಹವಾದುದು ಬಂಡವಾಳದ ಸಂಗತಿ. ಜುವೈನಿಯ ಪ್ರಕಾರ ಖೋಜಂದ್, ಬುಖಾರಾಗಳ ಕಡೆಯ ಮೂವರು ವರ್ತಕರು ಬಟ್ಟೆಗಳನ್ನು ಹೇರಿಕೊಂಡು ತಾವಾಗಿಯೇ ಖಾನನಲ್ಲಿಗೆ ಮೊದಲು ಹೋಗಿದ್ದರು. ಅವರು ಮರಳುವಾಗ ಖಾನನ ಆಜ್ಞೆಯಂತೆ ರಾಜಕುಮಾರರೂ ದಂಡನಾಯಕರೂ ಚಿನ್ನ ಬೆಳ್ಳಿ ಕೊಟ್ಟು ತಂತಮ್ಮ ಜನರನ್ನು ಜೊತೆಗೆ ಕಳುಹಿಸಿದರು. ಹೋದವರು ಬಹುಪಾಲು ಮುಸಲ್ಮಾನರೇ. ಎಂದರೆ ಮಾರ್ಗವೂ ಮಾರ್ಗಜ್ಞರೂ ಮೊದಲೇ ಇದ್ದರು. ಮಂಗೋಲರು ಅಲ್ಲಿ ಹಣ ಹೂಡಿದರು.

1219ರಲ್ಲಿ ದಂಡಯಾತ್ರೆ ಹೊರಟಿತು. ಒತ್ರಾರ್ ಸುಮಾರು ಐದು ತಿಂಗಳು ಮುತ್ತಿಗೆಯನ್ನು ತಡೆಯಿತು. ಖಾನನಿಗೆ ಬಟ್ಟೆ ತಂದ ವರ್ತಕರ ನಾಡಿನ ಬುಖಾರಾ 1220ರ ಫೆಬ್ರವರಿಯಲ್ಲಿ ಸುಟ್ಟುಹೋಯಿತು.