ತತ್ತಿಯ ಬುಟ್ಟಿ

ಶಹಾಬಾದಿನ ಪರ್ಸಿ ಕಲ್ಲು ಹಾಸದ ಮನೆ ನಮ್ಮ ಕಡೆ ಕಡಿಮೆ. ವಾಡಿ, ಚಿತ್ತಾಪುರ, ಸೇಡಂ ಎಲ್ಲಿಗೆ ಹೋದರೂ ಪಡಸಾಲೆಯಿಂದ ಬಚ್ಚಲದವರೆಗೆ ಅದೇ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿದ್ದ ಕಡಲಿನ ತಳದಲ್ಲಿ ಪದರಪದರವಾಗಿ ಕೂತ ಸುಣ್ಣದ ಕೆಸರು ಅದು. ಇಂಥ ಕಲ್ಲಿನ ಮೇಲೆ ಕೂತು ರೊಟ್ಟಿ ಬಡಿದ ನಾನು ನಿಜವಾದ ಕಡಲಿನಲ್ಲಿ ಹಡಗು ಹತ್ತಿದ್ದು ಅಮೆರಿಕದ ಮಗಳ ಮನೆಗೆ ಹೋದಾಗ. ಅಳಿಯ, ಮಗಳು ಅಲಾಸ್ಕದ ಗ್ಲೇಸಿಯರ್ ಬೇ ಕೊಲ್ಲಿಯನ್ನು ತೋರಿಸಲು ಕರೆದೊಯ್ದರು.

ಹಿಮದ ಗೋಡೆ ನಾನೆಣಿಸಿದಂತೆ ಬಿಳಿ ಇರಲಿಲ್ಲ, ಬಟ್ಟೆಗೆ ಹಾಕುವ ನೀಲಿಯ ಬಣ್ಣ. ತುಂಡು ಕಳಚಿ ನೀರಿಗೆ ಬಿದ್ದರೆ ಗಣಿಯಲ್ಲಿ ಮದ್ದು ಸಿಡಿಸಿದಂಥ ಸಪ್ಪಳ. ತೇಲುವ ಹಿಮದ ಮೇಲೆ ಸೀಲುಗಳು ಮರಿಗಳೊಂದಿಗೆ ಮಲಗಿದ್ದವು. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ನನಗೆ ಮಾತ್ರ, ಇಲ್ಲಿ ಯಾರೂ ಇರಲಿಲ್ಲವೇ ಎಂಬ ಯೋಚನೆ.

ಇದ್ದರು. ಹೂನಾ ಟ್ಲಿಂಗಿಟ್ ಎಂಬ ಜನ. ಹದಿನೆಂಟನೆಯ ಶತಮಾನದಲ್ಲಿ ಹಿಮ ಮುಂದೆ ನುಗ್ಗಿ ಅವರ ಊರನ್ನೇ ನುಂಗಿತು. 1794ರಲ್ಲಿ ವ್ಯಾಂಕೂವರನ ತಂಡ ಬಂದಾಗ ಈ ಕೊಲ್ಲಿಯ ಬಾಯಿಯ ಸಮೀಪವೇ ಹಿಮ ಅಡ್ಡ ನಿಂತಿತ್ತು. 1916ರ ಹೊತ್ತಿಗೆ ಅದು ಸುಮಾರು 65 ಮೈಲಿ ಹಿಂದೆ ಸರಿದಿತ್ತು. ಹಿಮ ಸರಿದಂತೆಲ್ಲ ಆ ಜನ ಮೀನಿಗೆ, ಸೀಲಿಗೆ, ಕಡಲಹಕ್ಕಿಯ ತತ್ತಿಗೆ ಮರಳಿ ಬರತೊಡಗಿದರು.

ಅದೇ ನೀರಿಗೆ ಪ್ರವಾಸಿಗರ ಹಡಗು ಬಂದದ್ದು 1883ರಲ್ಲಿ. 'ಐಡಾಹೋ' ಎಂಬ ಆ ಉಗಿಹಡಗಿನಲ್ಲಿ ಎಲೈಜಾ ಸಿಡ್ಮೋರ್ ಎಂಬ 26ರ ಲೇಖಕಿ ಇದ್ದಳು. ಕಂಡದ್ದನ್ನು ಪತ್ರಿಕೆಗಳಿಗೆ ಬರೆದಳು, 1885ರಲ್ಲಿ ಪುಸ್ತಕ ಮಾಡಿದಳು. ಅದನ್ನೋದಿ ಅಲಾಸ್ಕಕ್ಕೆ ಹೊರಟವರು ಅನೇಕರು. ಆ ಕಾಲದಲ್ಲಿ ಒಬ್ಬ ಹೆಂಗಸು ಅಷ್ಟು ದೂರ ಹೋಗಿ ಬರೆದಳಲ್ಲ ಎಂದು ನನಗೆ ಹೆಮ್ಮೆಯೇ.

ಆದರೆ 1925ರಲ್ಲಿ ಕೊಲ್ಲಿ ಸರಕಾರದ ಸಂರಕ್ಷಿತ ಪ್ರದೇಶವಾಯಿತು. 1960ರ ದಶಕದಲ್ಲಿ ತತ್ತಿ ಆರಿಸುವುದೂ ನಿಂತಿತು. ಅದೇನು ಲೂಟಿಯಾಗಿರಲಿಲ್ಲ. ಮಕ್ಕಳುಮರಿ ಕಟ್ಟಿಕೊಂಡು ಮನೆಮಂದಿಯೆಲ್ಲ ದೋಣಿಯಲ್ಲಿ ನಡುಗಡ್ಡೆಗೆ ಹೋಗುತ್ತಿದ್ದರು. ಗೂಡಿನಲ್ಲಿ ಒಂದೋ ಎರಡೋ ತತ್ತಿ ಇದ್ದರೆ ತೆಗೆಯುವುದು, ಹಕ್ಕಿ ಮತ್ತೆ ಇಡುತ್ತದೆ. ಮೂರಿದ್ದರೆ ಮುಟ್ಟುವಂತಿಲ್ಲ, ಒಳಗೆ ಮರಿ ಬೆಳೆಯುತ್ತಿರುತ್ತದೆ. ಈ ಲೆಕ್ಕ ಬಲ್ಲವರ ಬುಟ್ಟಿಯನ್ನು ತಡೆದ ಕೊಲ್ಲಿಗೆ ಹಡಗುಗಳು ಬರುತ್ತಲೇ ಇದ್ದವು. ತತ್ತಿ ಆರಿಸಲು ಮತ್ತೆ ಅವಕಾಶ ಕೊಡುವ ಕಾನೂನು ಬಂದದ್ದು 2014ರಲ್ಲಿ. ಅಷ್ಟರಲ್ಲಿ ಅಜ್ಜಿಯರು ಎಷ್ಟೋ ಮಂದಿ ತೀರಿಕೊಂಡಿರಬೇಕು.

ನಮ್ಮ ಚಿಂಚೋಳಿಯ ಕಾಡೂ 2011ರಲ್ಲಿ ವನ್ಯಜೀವಿಧಾಮವಾಗಿದೆ, ಸುಮಾರು 135 ಚದರ ಕಿಲೋಮೀಟರು. ತೋಳ, ಕತ್ತೆಕಿರುಬ, ಕೃಷ್ಣಮೃಗಗಳಿಗೆ ಬಿಸಿಲುನಾಡಿನಲ್ಲಿ ಅಷ್ಟಾದರೂ ನೆರಳು ಸಿಕ್ಕಿದ್ದು ಒಳ್ಳೆಯದೇ. ಚಂದ್ರಂಪಳ್ಳಿ ಜಲಾಶಯಕ್ಕೆ ರಜೆಯಲ್ಲಿ ನಾವೂ ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. ಆ ಕಾಡಿನಲ್ಲಿ ಲಂಬಾಣಿ ತಾಂಡಾಗಳೂ ಇವೆ. ಹೋದ ಸಲ ದಾರಿಯಲ್ಲಿ ಸೀತಾಫಲ ಮಾರುತ್ತಿದ್ದ ತಾಂಡಾದ ಹೆಂಗಸನ್ನು, ಗಿಡ ಬೋಳಿಸಿ ತರುತ್ತೀರೇನವ್ವಾ ಎಂದು ಕೇಳಿದೆ. ಆಕೆ ಒಂದು ಕಾಯಿ ಎತ್ತಿ ತೋರಿಸಿ, "ಕಣ್ಣು ಬಿಟ್ಟದ್ದಷ್ಟೇ ಕೀಳ್ತೀವ್ರೀ ಅಕ್ಕಾ, ಉಳಿದದ್ದು ಗಿಡಕ್ಕೇ ಬಿಡ್ತೀವಿ, ಹಕ್ಕಿಗೂ ಬೇಕಲ್ರೀ" ಎಂದಳು.