ಪರಲೋಕದ ಮಾತು: ಕ್ರೈಸ್ತ ಚಿಂತನೆಯ ನಡೆ

ಸಾವಿನಾಚೆಯ ಬದುಕಿನಲ್ಲಿ ಮನುಷ್ಯರು ಮಾತಾಡುವರೇ, ಆಡಿದರೆ ಯಾವ ಭಾಷೆಯಲ್ಲಿ ಎಂಬುದು ಕ್ರೈಸ್ತ ದೇವಶಾಸ್ತ್ರದ ಮುಖ್ಯ ಪ್ರಶ್ನೆಗಳ ಸಾಲಿಗೆ ಎಂದೂ ಸೇರಿದ್ದಲ್ಲ. ಆದರೂ ಎರಡು ಸಾವಿರ ವರ್ಷಗಳಲ್ಲಿ ಅದು ಮತ್ತೆ ಮತ್ತೆ ತಲೆಯೆತ್ತಿದೆ; ಏಕೆಂದರೆ ಭಾಷೆಯೆಂಬುದು ಮನುಷ್ಯನ ಕೊರತೆಯ ಗುರುತಾಗಿದ್ದು ಕೊರತೆ ನೀಗಿದೊಡನೆ ತೊಲಗತಕ್ಕದ್ದೋ, ಅಥವಾ ಸೃಷ್ಟಿಯ ಒಳಿತಿಗೇ ಸೇರಿದ್ದೋ ಎಂಬ ಇನ್ನೂ ದೊಡ್ಡ ವಿಚಾರ ಅದರ ಹಿಂದಿದೆ.

ಬೈಬಲ್ ಈ ವಿಷಯದಲ್ಲಿ ಒಂದೇ ದಾರಿ ತೋರುವುದಿಲ್ಲ. ಆದಿಕಾಂಡದ ಬಾಬೆಲ್ ಗೋಪುರದ ಕಥೆಯಲ್ಲಿ ಭಾಷೆಗಳು ಕಲಸಿಹೋಗುವುದು ಮನುಷ್ಯರ ಅಹಂಕಾರಕ್ಕೆ ದೇವರು ಕೊಟ್ಟ ಉತ್ತರವಾದರೆ, ಅಪೊಸ್ತಲರ ಕೃತ್ಯಗಳಲ್ಲಿ ಪವಿತ್ರಾತ್ಮ ಇಳಿದುಬಂದಾಗ ಭಾಷೆಗಳು ಒಂದಾಗದೆ, ನೆರೆದವರೆಲ್ಲ ತಮ್ಮ ತಮ್ಮ ಹುಟ್ಟುಭಾಷೆಯಲ್ಲೇ ಸುವಾರ್ತೆಯನ್ನು ಕೇಳುತ್ತಾರೆ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ ದೇವದೂತರ ಭಾಷೆಗಳನ್ನು ಹೆಸರಿಸಿ, ವಾಣಿಗಳು ನಿಂತುಹೋಗುವುವೆಂದೂ ಅಲ್ಲಿಯೇ ಹೇಳುತ್ತಾನೆ. ಪ್ರಕಟನೆ ಗ್ರಂಥವಾದರೋ ಸಕಲ ಕುಲ, ಜನಾಂಗ, ಭಾಷೆಗಳವರು ಸಿಂಹಾಸನದ ಮುಂದೆ ಕೂಡಿ ನಿಂತಿರುವುದನ್ನು ಚಿತ್ರಿಸುತ್ತದೆ. ಮುಂದಿನ ಚರ್ಚೆಯೆಲ್ಲ ಭಾಷೆ ನಿಂತುಹೋಗುವುದೆಂಬ ಮತ್ತು ಭಾಷೆಗಳೆಲ್ಲ ಉಳಿಯುವುವೆಂಬ ಈ ಎರಡು ಸೆಲೆಗಳಿಂದ ಹರಿದದ್ದು.

ಆದಿಮ ಸಭೆಯಲ್ಲಿ ಪರಲೋಕದ ಭಾಷೆಗಿಂತ ಮೊದಲ ಮನುಷ್ಯ ಆಡಮನ ಭಾಷೆ ಯಾವುದೆಂಬ ಕುತೂಹಲವೇ ಮುಂದಿತ್ತು. ಹಲವರು ಅದನ್ನು ಹೀಬ್ರೂ ಎಂದರು, ಸಿರಿಯಾದ ಕ್ರೈಸ್ತರಲ್ಲಿ ಕೆಲವರು ತಮ್ಮ ಸಿರಿಯಾಕ್ ಭಾಷೆಯೆಂದೇ ನಂಬಿದರು. ನಾಲ್ಕನೆಯ ಶತಮಾನದ ನಿಸ್ಸಾದ ಗ್ರೆಗೊರಿ ಮಾತ್ರ, ಮಾತಾಡುವ ಶಕ್ತಿ ದೇವರ ಕೊಡುಗೆ, ಪದಗಳು ಮನುಷ್ಯರ ನಿರ್ಮಿತಿ ಎಂದು ವಾದಿಸಿ, ದೇವರು ಶಾಲೆಯ ಉಪಾಧ್ಯಾಯನಂತೆ ಕುಳಿತು ಹೆಸರುಗಳನ್ನು ಕಲಿಸಿದನೆಂಬ ಕಲ್ಪನೆಯನ್ನು ತಳ್ಳಿಹಾಕಿದನು.

ಪಶ್ಚಿಮದ ಸಭೆಯ ಚಿಂತನೆಗೆ ದಿಕ್ಕು ತೋರಿದವನು ಸಂತ ಅಗಸ್ಟೀನ. 387ರಲ್ಲಿ ಒಸ್ತಿಯಾ ಬಂದರಿನ ಮನೆಯೊಂದರ ಕಿಟಕಿಗೆ ಒರಗಿ ನಿಂತು, ಸಾವಿಗೆ ಹತ್ತಿರವಾಗಿದ್ದ ತಾಯಿ ಮೋನಿಕಳೊಡನೆ ಸಂತರ ನಿತ್ಯಜೀವದ ಬಗ್ಗೆ ಮಾತಾಡುತ್ತ, ಇಬ್ಬರೂ ಕ್ಷಣಮಾತ್ರ ಮಾತನ್ನು ಮೀರಿದ್ದೊಂದನ್ನು ಮುಟ್ಟಿ, ಮೊದಲೂ ಕೊನೆಯೂ ಇರುವ ಬಾಯಿಮಾತಿಗೆ ಮರಳಿದರೆಂದು ಅವನು ತನ್ನ ಆತ್ಮನಿವೇದನೆಯಲ್ಲಿ ಬರೆಯುತ್ತಾನೆ. ಯಾವ ಭಾಷೆಗೂ ಸೇರದ ಒಳಮಾತೊಂದು ಮನಸ್ಸಿನಲ್ಲಿದೆ, ಲ್ಯಾಟಿನ್ನೂ ಗ್ರೀಕೂ ಅದರ ಹೊರಗುರುತುಗಳು ಎಂಬುದು ಅವನ ಸಿದ್ಧಾಂತ. ಆದ್ದರಿಂದಲೇ ಪುನರುತ್ಥಾನದಲ್ಲಿ, ಎಂದರೆ ಸತ್ತವರು ದೇಹಸಹಿತ ಎದ್ದುಬರುವಾಗ, ಒಬ್ಬರ ಆಲೋಚನೆ ಇನ್ನೊಬ್ಬರಿಗೆ ತೆರೆದೇ ಇರುವುದೆಂದು ಅವನು 'ದೇವನಗರ'ದ ಕೊನೆಯ ಭಾಗದಲ್ಲಿ ಹೇಳಿದನು. ಹದಿಮೂರನೆಯ ಶತಮಾನದ ತೋಮಸ್ ಅಕ್ವಿನಾಸ್ ದೇವದೂತರ ಮಾತನ್ನು ವಿವೇಚಿಸುವಾಗ ಇದಕ್ಕೊಂದು ಮುಖ್ಯ ತಿದ್ದುಪಡಿ ತಂದನು. ಮನುಷ್ಯನ ಮನಸ್ಸನ್ನು ಇತರರಿಂದ ಮರೆಮಾಡುವವು ಇಚ್ಛೆ ಮತ್ತು ದೇಹ ಎಂಬ ಎರಡು ತಡೆಗಳಾದರೆ, ದೇವದೂತನಿಗೆ ಇಚ್ಛೆಯೊಂದೇ ತಡೆ. ತನ್ನ ಭಾವನೆಯನ್ನು ಇನ್ನೊಬ್ಬನಿಗೆ ತಿಳಿಸಲು ಇಚ್ಛಿಸುವುದೇ ಅವನ ಮಾತು. ಹೀಗೆ ನಾಲಗೆಯಿಲ್ಲದ ಲೋಕದಲ್ಲೂ ಒಬ್ಬನು ಇನ್ನೊಬ್ಬನಿಗೆ ಮನಸ್ಸು ಬಿಚ್ಚುವ ಸ್ವಾತಂತ್ರ್ಯ ಉಳಿಯಿತು.

ಇಡೀ ಪರಂಪರೆಯಲ್ಲಿ ಅತ್ಯಂತ ಫಲವತ್ತಾದ ತಿರುವು ಬಂದದ್ದು ಯಾವ ದೇವಶಾಸ್ತ್ರಜ್ಞನಿಂದಲೂ ಅಲ್ಲ, ಕವಿ ದಾಂತೆಯಿಂದ. ಆಡುಭಾಷೆಯ ಹಿರಿಮೆಯನ್ನು ಕುರಿತ ತನ್ನ ಮುಂಚಿನ ಲ್ಯಾಟಿನ್ ಗ್ರಂಥದಲ್ಲಿ ಆಡಮನ ಹೀಬ್ರೂ ಬಾಬೆಲಿನ ನಂತರವೂ ಕೆಡದೆ ಉಳಿಯಿತೆಂದಿದ್ದ ಅವನು, ಸ್ವರ್ಗವನ್ನು ಕುರಿತ ತನ್ನ ಕಾವ್ಯ 'ಪರದೀಸೊ'ದ 26ನೆಯ ಸರ್ಗದಲ್ಲಿ ಆಡಮನ ಬಾಯಿಂದಲೇ ಅದನ್ನು ಅಲ್ಲಗಳೆಯಿಸುತ್ತಾನೆ: ಆ ಭಾಷೆ ಗೋಪುರಕ್ಕಿಂತ ಮೊದಲೇ ಅಳಿದಿತ್ತು, ಮಾತಾಡುವುದು ಮನುಷ್ಯಸಹಜ, ಹೇಗೆ ಆಡಬೇಕೆಂಬುದು ಮನುಷ್ಯರ ಇಷ್ಟ. ಇದರಿಂದ ಭಾಷಾವೈವಿಧ್ಯ ಬರಿಯ ಶಿಕ್ಷೆಯಾಗಿ ಉಳಿಯುವುದಿಲ್ಲ. ಅದೇ ಕಾವ್ಯದಲ್ಲಿ ಕವಿಯ ಪೂರ್ವಜ ಕಾಚ್ಚಗ್ವೀದಾ ಮೊದಲು ಲ್ಯಾಟಿನ್ನಿನಲ್ಲಿ ಸ್ವಾಗತಿಸಿ, ಬಳಿಕ ಕವಿಯ ಅಳವಿಗೆ ಮೀರಿದ ಗಹನವಾದ ಮಾತಾಡಿ, ಆಮೇಲೆ ತಿಳಿಯುವಂತೆ ಮಾತಿಗಿಳಿಯುತ್ತಾನೆ. ತನ್ನ ಕಾಲದ ಫ್ಲಾರೆನ್ಸನ್ನು ನೆನೆಯುವಾಗ ಅವನದು ಹಳೆಯ ನುಡಿ. ಕವಿಯ ಮನಸ್ಸನ್ನು ಅವನು ಆಗಲೇ ದೇವರಲ್ಲಿ ಓದಿಕೊಂಡಿದ್ದರೂ, ಕೇಳಬೇಕಾದ್ದನ್ನು ಬಾಯಿಬಿಟ್ಟು ಕೇಳೆಂದು ಒತ್ತಾಯಿಸುತ್ತಾನೆ. ತಿಳಿಸುವ ಅಗತ್ಯ ತೀರಿದ ಮೇಲೂ ಮಾತಿಗೆ ಪ್ರೀತಿಯಲ್ಲಿ ಕೆಲಸವಿದೆ ಎಂಬ ಈ ಕಾಣ್ಕೆ ಅಗಸ್ಟೀನನ ಪಾರದರ್ಶಕ ಮನಸ್ಸುಗಳ ಲೋಕಕ್ಕಿಂತ ಮಾನವೀಯವಾದದ್ದು.

ಮುಂದಿನ ಶತಮಾನಗಳು ಬಹುಮಟ್ಟಿಗೆ ಆಡಮನ ಭಾಷೆಯ ಹುಡುಕಾಟಕ್ಕೇ ಹಿಂದಿರುಗಿದವು. ಆದರೆ ಸ್ವೀಡನ್ನಿನ ಇಮ್ಯಾನುವೆಲ್ ಸ್ವೀಡನ್‌ಬೋರಿ 1758ರಲ್ಲಿ ಪ್ರಕಟಿಸಿದ ಸ್ವರ್ಗ-ನರಕಗಳ ಗ್ರಂಥದಲ್ಲಿ, ಪರಲೋಕದಲ್ಲಿ ಕಲಿಯದೆಯೇ ಬರುವ ಒಂದೇ ಭಾಷೆಯಿದೆಯೆಂದೂ ಅದರ ಸ್ವರಗಳು ಭಾವವನ್ನೂ ವ್ಯಂಜನಗಳು ವಿಚಾರವನ್ನೂ ಹೊರುತ್ತವೆಂದೂ ವಿವರಿಸಿದನು.

ಇಪ್ಪತ್ತನೆಯ ಶತಮಾನದಲ್ಲಿ ಪ್ರಶ್ನೆ ಗ್ರಂಥಗಳಿಂದ ಪ್ರಾರ್ಥನಾಸಭೆಗಳಿಗೆ ಇಳಿಯಿತು. 1906ರ ಲಾಸ್ ಏಂಜಲೀಸ್ ಉಜ್ಜೀವನದಿಂದ ಹಬ್ಬಿದ ಪೆಂತೆಕೊಸ್ತ್ ಚಳವಳಿಯಲ್ಲಿ, ಪವಿತ್ರಾತ್ಮದ ಪ್ರೇರಣೆಯಿಂದ ತಮಗೆ ತಿಳಿಯದ ನುಡಿಯಾಡುವ 'ಅನ್ಯಭಾಷೆ'ಯ ವರವನ್ನು ಮೊದಮೊದಲು ದೂರದೇಶದಲ್ಲಿ ಸುವಾರ್ತೆ ಸಾರಲು ದೊರೆತ ನಿಜವಾದ ಭಾಷೆಯೆಂದು ತಿಳಿಯಲಾಗಿತ್ತು. ಆ ನಿರೀಕ್ಷೆ ಕೈಗೂಡದಾಗ ಅದನ್ನು ಹೆಚ್ಚಾಗಿ ಪರಲೋಕದ ಪ್ರಾರ್ಥನಾಭಾಷೆಯೆಂದು ಅರ್ಥೈಸಲಾಯಿತು. ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಪುಣೆಯ ಬಳಿಯ ಕೇಡಗಾಂವಿನಲ್ಲಿ ಕಟ್ಟಿದ ಮುಕ್ತಿ ಮಿಷನ್ನಿನಲ್ಲಿಯೂ 1905ರಿಂದ ಇಂಥದೇ ಉಜ್ಜೀವನ ನಡೆಯಿತೆಂಬುದನ್ನು ಈ ಇತಿಹಾಸ ಮರೆಯಬಾರದು.

ಈಚಿನ ವಿದ್ವಾಂಸರ ಒಲವು ಬಹುತ್ವದ ಕಡೆಗಿದೆ. ಗ್ಯಾಂಬಿಯಾದಲ್ಲಿ ಹುಟ್ಟಿದ ಲಾಮಿನ್ ಸಾನ್ನೆ 1989ರ ತಮ್ಮ ಗ್ರಂಥದಲ್ಲಿ, ಯಾವ ಭಾಷೆಗೂ ಅನುವಾದಗೊಳ್ಳಬಲ್ಲ ಗುಣವೇ ಕ್ರೈಸ್ತಧರ್ಮದ ತಿರುಳೆಂದು ತೋರಿಸಿದರು. ಕೆನಡಾ ಮೂಲದ ಜೇಮ್ಸ್ ಕೆ. ಎ. ಸ್ಮಿತ್ 2000ದಲ್ಲಿ, ಅರ್ಥೈಸುವ ಕೆಲಸ ಪಾಪದ ಪರಿಣಾಮವಲ್ಲ, ಸೃಷ್ಟಿಯಾದ ಜೀವಿಯ ಸಹಜ ಸ್ಥಿತಿ ಎಂದು ವಾದಿಸಿದರು. ಕಿವುಡರ ಸಮುದಾಯದ ದೇವಶಾಸ್ತ್ರವನ್ನು ವೇಯ್ನ್ ಮಾರಿಸ್ ಅವರು 2008ರಲ್ಲಿ ಪುಸ್ತಕವಾಗಿ ಚರ್ಚಿಸಿದ ಮೇಲೆ ಈ ವಾದಕ್ಕೆ ಇನ್ನೊಂದು ಮಗ್ಗುಲು ಕಾಣಿಸಿದೆ. ಕಿವುಡರ ಕಿವಿ ತೆರೆಯುವುದೆಂಬ ಪ್ರವಾದಿ ಯೆಶಾಯನ ವಾಗ್ದಾನವನ್ನು ಸಭೆ ಬಹುಕಾಲ ಪರಲೋಕದ ಚಿತ್ರವಾಗಿ ಓದಿಕೊಂಡು ಬಂದಿದೆ. ಆದರೆ ಸನ್ನೆಭಾಷೆಯಲ್ಲೇ ಪ್ರಾರ್ಥಿಸಿ, ಅದರಲ್ಲೇ ಹಾಡಿ, ಅದರಲ್ಲೇ ತನ್ನ ಸತ್ತವರನ್ನು ಬೀಳ್ಕೊಟ್ಟ ವಿಶ್ವಾಸಿಗೆ, ಕೈಗಳು ಸುಮ್ಮನಾದ ಪರಲೋಕವೆಂದರೆ ಗುಣವಾಗುವುದೋ ಭಾಷೆ ಕಳೆದುಕೊಳ್ಳುವುದೋ ಎಂಬುದಕ್ಕೆ ದೇವಶಾಸ್ತ್ರ ಇನ್ನೂ ಉತ್ತರ ಕೊಡಬೇಕಾಗಿದೆ.